ಆಣೆ, ಸಾಕ್ಷಿ ಮತ್ತು ನ್ಯಾಯ: ಕ್ರೈಸ್ತ ಶ್ರದ್ಧೆ ಹಾಗೂ ಕಾನೂನಿನ ಸಂಬಂಧದ ಜಾನಪದೀಯ ನೆಲೆಗಳು

ಪೀಠಿಕೆ

ಮನುಷ್ಯನ ಮಾತನ್ನು ನಂಬುವುದು ಹೇಗೆ ಎಂಬುದು ಎಲ್ಲ ನ್ಯಾಯವ್ಯವಸ್ಥೆಗಳ ಮೂಲಭೂತ ಪ್ರಶ್ನೆ. ಕಣ್ಣಾರೆ ಕಂಡವನು ಒಬ್ಬನಾದರೆ ತೀರ್ಪು ಕೊಡುವವನು ಮತ್ತೊಬ್ಬ. ಇವರಿಬ್ಬರ ನಡುವಿನ ಅಂತರವನ್ನು ತುಂಬುವುದಕ್ಕಾಗಿ ಬಹುಪಾಲು ಸಮಾಜಗಳು ದೈವವನ್ನು ಮೂರನೆಯ ಸಾಕ್ಷಿಯಾಗಿ ಕರೆದಿವೆ. ಈ ಕರೆಯೇ ಆಣೆ. ಕನ್ನಡದ ‘ಆಣೆ’ ಎಂಬ ಪದ ಸಂಸ್ಕೃತದ ‘ಆಜ್ಞಾ’ ಶಬ್ದದಿಂದ ಪ್ರಾಕೃತದ ಮೂಲಕ ಬಂದದ್ದು. ಅದಕ್ಕೆ ಅರಸನ ಅಪ್ಪಣೆ ಎಂಬ ಅರ್ಥವೂ ಉಂಟು, ದೇವರ ಹೆಸರಿನ ಶಪಥ ಎಂಬ ಅರ್ಥವೂ ಉಂಟು. ಆಳುವವನ ಕಾನೂನು ಮತ್ತು ನಂಬುವವನ ಶ್ರದ್ಧೆ ಒಂದೇ ಪದದಲ್ಲಿ ಸೇರಿಕೊಂಡಿರುವುದು ಆಕಸ್ಮಿಕವಲ್ಲ.

ಕ್ರೈಸ್ತ ಪರಂಪರೆಯಲ್ಲಿ ಈ ಸಂಬಂಧ ವಿಶೇಷವಾದ ತೊಡಕನ್ನು ಹೊಂದಿದೆ. ಆಣೆಯನ್ನು ನ್ಯಾಯಾಲಯದ ಕೇಂದ್ರದಲ್ಲಿಟ್ಟ ರಾಜ್ಯಗಳು ಯಾವ ಗ್ರಂಥವನ್ನು ಮುಟ್ಟಿಸಿ ಪ್ರಮಾಣ ಮಾಡಿಸಿದವೋ ಆ ಗ್ರಂಥದೊಳಗೇ ಆಣೆ ಇಡಬಾರದೆಂಬ ಬೋಧನೆಯಿದೆ. ಈ ವೈರುಧ್ಯವನ್ನು ಗಂಭೀರವಾಗಿ ಪರಿಗಣಿಸಿದವರು ಸೆರೆಮನೆ ಕಂಡರು. ಕಡೆಗಣಿಸಿದವರು ಅನ್ಯಧರ್ಮೀಯರನ್ನೂ ನಾಸ್ತಿಕರನ್ನೂ ಸಾಕ್ಷಿಕಟ್ಟೆಯಿಂದ ಹೊರಗಿಟ್ಟರು. ಈ ಎರಡೂ ಬಗೆಯ ಅನುಭವಗಳ ಒತ್ತಡದಿಂದ ರೂಪುಗೊಂಡ ಕಾನೂನು ವಸಾಹತು ಆಡಳಿತದೊಡನೆ ಭಾರತಕ್ಕೆ ಬಂದು, ಇಲ್ಲಿನ ಆಣೆಪ್ರಮಾಣಗಳ ಲೋಕವನ್ನು ಎದುರುಗೊಂಡಿತು. ಬೈಬಲಿನ ಕಥನಗಳು, ಯೂರೋಪಿನ ಜನಪದ ಕಥೆಗಳು, ಇಂಗ್ಲೆಂಡ್ ಮತ್ತು ಭಾರತದ ಕಾನೂನುಗಳು ಹಾಗೂ ಕರ್ನಾಟಕದ ಆಚರಣೆಗಳು, ಈ ನಾಲ್ಕು ನೆಲೆಗಳಲ್ಲಿ ಈ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೈಬಲಿನಲ್ಲಿ ಆಣೆಯ ಎರಡು ಮುಖಗಳು

ಹಳೆಯ ಒಡಂಬಡಿಕೆಯಲ್ಲಿ ಆಣೆ ನ್ಯಾಯದ ಅಂಗ. ವಿಮೋಚನಕಾಂಡದ 20ನೆಯ ಅಧ್ಯಾಯದ ದಶಾಜ್ಞೆಗಳಲ್ಲಿ ಸುಳ್ಳುಸಾಕ್ಷಿಯ ನಿಷೇಧವಿದೆ. ಇದನ್ನು ಸುಳ್ಳು ಹೇಳಬಾರದೆಂಬ ಸಾಮಾನ್ಯ ನೀತಿಯೆಂದು ಓದುವುದು ರೂಢಿಯಾದರೂ ಅದರ ಮೂಲ ಸಂದರ್ಭ ನ್ಯಾಯವಿಚಾರಣೆಯೇ ಆಗಿದೆ. ಧರ್ಮೋಪದೇಶಕಾಂಡದ 19ನೆಯ ಅಧ್ಯಾಯ ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಅಪರಾಧ ನಿರ್ಣಯವಾಗಬಾರದೆಂದು ವಿಧಿಸುತ್ತದೆ; ಸುಳ್ಳುಸಾಕ್ಷಿ ಹೇಳಿದವನು ಇತರರಿಗೆ ಯಾವ ಕೇಡನ್ನು ಬಯಸಿದನೋ ಅದನ್ನೇ ಆತನಿಗೆ ದಂಡನೆಯಾಗಿ ಕೊಡಬೇಕೆನ್ನುತ್ತದೆ. ಅರಣ್ಯಕಾಂಡದ 5ನೆಯ ಅಧ್ಯಾಯದಲ್ಲಿ ಗಂಡನ ಸಂಶಯಕ್ಕೆ ಗುರಿಯಾದ ಹೆಂಡತಿಗೆ ಯಾಜಕನು ಕಹಿನೀರು ಕುಡಿಸುವ ವಿಧಿಯಿದೆ. ಇದು ಜಗತ್ತಿನ ಹಲವೆಡೆ ಕಂಡುಬರುವ ದಿವ್ಯಪರೀಕ್ಷೆಯ ಒಂದು ರೂಪ. ಯೆರೆಮೀಯನ ಪ್ರವಾದನೆಯ 4ನೆಯ ಅಧ್ಯಾಯದಲ್ಲಿ ಸತ್ಯ, ವಿವೇಚನೆ ಮತ್ತು ಧರ್ಮಗಳಿಂದ ಕೂಡಿದ ಆಣೆಗೆ ಮನ್ನಣೆಯಿದೆ.

ಆದರೆ ಅದೇ ಗ್ರಂಥಭಾಗ ಆಣೆಯ ಕ್ರೌರ್ಯವನ್ನೂ ಮರೆಮಾಚುವುದಿಲ್ಲ. ನ್ಯಾಯಸ್ಥಾಪಕರು ಗ್ರಂಥದ 11ನೆಯ ಅಧ್ಯಾಯದಲ್ಲಿ ಯುದ್ಧಕ್ಕೆ ಹೊರಟ ಯೆಪ್ತಾಹನು ಗೆದ್ದು ಬಂದರೆ ಮನೆಯ ಬಾಗಿಲಿನಿಂದ ಎದುರುಬಂದದ್ದನ್ನು ಅರ್ಪಿಸುವೆನೆಂದು ಹರಕೆ ಹೊರುತ್ತಾನೆ. ಎದುರುಬಂದವಳು ಒಬ್ಬಳೇ ಮಗಳು. ಹೊಸ ಒಡಂಬಡಿಕೆಯಲ್ಲಿ ಹೆರೋದನು ಔತಣದ ಮಧ್ಯೆ ಆಣೆಯಿಟ್ಟು ಕೊಟ್ಟ ಮಾತಿಗೆ ಸ್ನಾನಿಕ ಯೋಹಾನನ ತಲೆ ಬಲಿಯಾಗುತ್ತದೆ. ಎರಡೂ ಪ್ರಸಂಗಗಳಲ್ಲಿ ಮಾತು ಕೊಟ್ಟವನೊಬ್ಬ, ಪ್ರಾಣ ಕೊಟ್ಟವರು ಬೇರೊಬ್ಬರು. ಮೂರನೆಯವರ ತಲೆಯ ಮೇಲೆ ಬೀಳುವ ಆಣೆಯ ಈ ಸಮಸ್ಯೆ ಮುಂದೆ ಕಾನೂನಿನಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಪರ್ವತ ಪ್ರಸಂಗದಲ್ಲಿ (ಮತ್ತಾಯ, 5ನೆಯ ಅಧ್ಯಾಯ) ಯೇಸು ಈ ಪರಂಪರೆಗೆ ಹೊಸ ತಿರುವು ನೀಡುತ್ತಾನೆ. ಆಕಾಶ, ಭೂಮಿ, ಯೆರೂಸಲೇಮ್, ಕೊನೆಗೆ ತನ್ನ ತಲೆ, ಯಾವುದರ ಮೇಲೂ ಆಣೆ ಬೇಡ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂಬಷ್ಟೇ ಮಾತು ಸಾಕು ಎಂಬುದು ಆ ಬೋಧನೆಯ ಸಾರ. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ ಇದನ್ನೇ ಪುನರುಚ್ಚರಿಸುತ್ತದೆ. ಇದರ ಹಿಂದಿನ ತರ್ಕ ಗಮನಾರ್ಹವಾದುದು. ಆಣೆಯಿಟ್ಟು ಹೇಳಿದ್ದು ಮಾತ್ರ ಸತ್ಯವೆಂದಾದರೆ ಆಣೆಯಿಲ್ಲದೆ ಹೇಳಿದ್ದು ಸುಳ್ಳಾಗಬಹುದೆಂಬ ಪರವಾನಗಿ ತಾನಾಗಿಯೇ ಸಿಕ್ಕಿಬಿಡುತ್ತದೆ. ಎಲ್ಲ ಮಾತೂ ದೇವರ ಎದುರಿನ ಮಾತೇ ಎಂದು ನಂಬುವವನಿಗೆ ಸತ್ಯದಲ್ಲಿ ಎರಡು ದರ್ಜೆಗಳಿರಲು ಸಾಧ್ಯವಿಲ್ಲ.

ಯೇಸುವಿನ ವಿಚಾರಣೆಯ ರಾತ್ರಿ ಈ ಬೋಧನೆಗೆ ಕಥನದ ರೂಪ ಕೊಡುತ್ತದೆ. ಮತ್ತಾಯನ 26ನೆಯ ಅಧ್ಯಾಯದ ಪ್ರಕಾರ ಸಭೆಯವರು ಸುಳ್ಳುಸಾಕ್ಷಿಗಳಿಗಾಗಿ ಹುಡುಕಾಡುತ್ತಾರೆ. ಮಹಾಯಾಜಕನು ಜೀವಸ್ವರೂಪನಾದ ದೇವರ ಆಣೆಯಿಟ್ಟು ಯೇಸುವಿನಿಂದ ಉತ್ತರ ಕೇಳುತ್ತಾನೆ. ಅದೇ ಹೊತ್ತಿಗೆ ಹೊರಗಿನ ಅಂಗಳದಲ್ಲಿ ಪೇತ್ರನು ಆಣೆಯಿಟ್ಟುಕೊಂಡು, ಶಪಿಸಿಕೊಂಡು, ಆ ಮನುಷ್ಯನನ್ನು ತಾನರಿಯೆನೆನ್ನುತ್ತಾನೆ. ಒಳಗೆ ಆಣೆ ಅಧಿಕಾರದ ಆಯುಧ. ಹೊರಗೆ ಅದು ಭಯದ ಮುಸುಕು. ಸತ್ಯಕ್ಕೆ ಎರಡು ಕಡೆಯೂ ಅದರಿಂದ ನೆರವಾಗುವುದಿಲ್ಲ.

ದಿವ್ಯದಿಂದ ಸಾಕ್ಷಿಯ ಕಡೆಗೆ

ಈ ಬೋಧನೆಯ ಹೊರತಾಗಿಯೂ ಮಧ್ಯಯುಗದ ಕ್ರೈಸ್ತ ಯೂರೋಪು ಆಣೆ ಮತ್ತು ದಿವ್ಯಗಳ ಮೇಲೆಯೇ ನ್ಯಾಯವನ್ನು ನಿಲ್ಲಿಸಿತ್ತು. ಕಾಯ್ದ ಕಬ್ಬಿಣವನ್ನು ಹಿಡಿಸುವುದು, ನೀರಿನಲ್ಲಿ ಮುಳುಗಿಸುವುದು ಮೊದಲಾದ ಪರೀಕ್ಷೆಗಳು ಪಾದ್ರಿಯ ಪ್ರಾರ್ಥನೆ ಮತ್ತು ಆಶೀರ್ವಾದಗಳೊಡನೆ ನಡೆಯುತ್ತಿದ್ದವು. ಕರ್ನಾಟಕದ ವಿದ್ವಾಂಸರಿಗೆ ಇದು ಅಪರಿಚಿತವಾದ ಲೋಕವಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ ತುಲಾ, ಅಗ್ನಿ, ಜಲ, ವಿಷ ಮತ್ತು ಕೋಶ ಎಂಬ ಐದು ದಿವ್ಯಗಳ ವಿವರಣೆಯಿದೆ. ಆದರೆ ಆ ಸ್ಮೃತಿ ಬರಹ, ಭುಕ್ತಿ ಮತ್ತು ಸಾಕ್ಷಿ ಎಂಬ ಮಾನುಷ ಪ್ರಮಾಣಗಳಿಗೆ ಮೊದಲ ಸ್ಥಾನ ನೀಡಿ, ಅವು ದೊರೆಯದಾಗ ಮಾತ್ರ ದಿವ್ಯಕ್ಕೆ ಎಡೆಮಾಡುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಯೂರೋಪಿನಲ್ಲಿ ಬದಲಾವಣೆ ಬಂದದ್ದು ಶ್ರದ್ಧೆಯ ಒಳಗಿನಿಂದಲೇ. ದೇವರನ್ನು ಪರೀಕ್ಷಿಸಬಾರದೆಂಬ ಬೈಬಲಿನ ವಿಧಿಯನ್ನು ಮುಂದಿಟ್ಟುಕೊಂಡು 12ನೆಯ ಶತಮಾನದ ಪ್ಯಾರಿಸಿನ ವಿದ್ವಾಂಸರು ದಿವ್ಯವನ್ನು ಪ್ರಶ್ನಿಸಿದರು. ಮೂರನೆಯ ಇನ್ನೊಸೆಂಟ್ ಪೋಪನ ನೇತೃತ್ವದಲ್ಲಿ 1215ರಲ್ಲಿ ಸೇರಿದ ನಾಲ್ಕನೆಯ ಲ್ಯಾಟೆರನ್ ಮಹಾಸಭೆ ದಿವ್ಯಗಳಿಗೆ ಯಾಜಕರು ಆಶೀರ್ವಾದ ನೀಡುವುದನ್ನು ನಿಷೇಧಿಸಿತು. ಯಾಜಕನ ಕೈ ಹಿಂದೆಸರಿದ ಕೂಡಲೇ ದಿವ್ಯದ ಅಧಿಕಾರ ಕುಸಿಯಿತು. ಇಂಗ್ಲೆಂಡಿನಲ್ಲಿ 1219ರಲ್ಲಿ ಮೂರನೆಯ ಹೆನ್ರಿಯ ಆಡಳಿತ ತನ್ನ ನ್ಯಾಯಾಧಿಕಾರಿಗಳಿಗೆ ಪರ್ಯಾಯ ಮಾರ್ಗ ಅನುಸರಿಸಲು ಸೂಚಿಸಬೇಕಾಯಿತು. ಅಪರಾಧ ವಿಚಾರಣೆಯಲ್ಲಿ ಜ್ಯೂರಿ ಪದ್ಧತಿ ನೆಲೆಯೂರಿದ್ದು ಈ ತೆರವಿನಲ್ಲಿ.

ಇದನ್ನು ನೇರವಾದ ಪ್ರಗತಿಯ ಕಥೆಯೆಂದು ಹೇಳಲಾಗದು. ದಿವ್ಯ ಹೋದ ಜಾಗಕ್ಕೆ ಯೂರೋಪಿನ ಬಹುಭಾಗದಲ್ಲಿ ತಪ್ಪೊಪ್ಪಿಗೆ ಬಂತು. ತಪ್ಪೊಪ್ಪಿಗೆಯ ಬೆನ್ನಿಗೆ ಚಿತ್ರಹಿಂಸೆ ಬಂತು. 1252ರಲ್ಲಿ ನಾಲ್ಕನೆಯ ಇನ್ನೊಸೆಂಟ್ ಪೋಪನು ಮತಭ್ರಷ್ಟರ ವಿಚಾರಣೆಯಲ್ಲಿ ಹಿಂಸೆಗೆ ಅನುಮತಿ ನೀಡಿದನು. ದೇವರನ್ನು ಪರೀಕ್ಷಿಸುವುದನ್ನು ಬಿಟ್ಟ ಅಧಿಕಾರ ಮನುಷ್ಯನ ಮೈಯನ್ನು ಪರೀಕ್ಷಿಸತೊಡಗಿತು. ಒಂದು ಅನ್ಯಾಯವನ್ನು ತೊಡೆದ ಮಾತ್ರಕ್ಕೆ ನ್ಯಾಯ ತಾನಾಗಿ ನೆಲೆಗೊಳ್ಳುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಜನಪದ ಕಥನಗಳ ತೀರ್ಪು

ಶಾಸ್ತ್ರ ಮತ್ತು ಕಾನೂನು ಆಣೆಯ ಬಗ್ಗೆ ವಾದಿಸುತ್ತಿದ್ದ ಕಾಲದಲ್ಲಿಯೇ ಜನಪದರು ತಮ್ಮ ಸಂದೇಹಗಳನ್ನು ಕಥೆಗಳಲ್ಲಿ ದಾಖಲಿಸಿದ್ದಾರೆ. ಈ ಕಥೆಗಳಲ್ಲಿ ಮೂರು ಮಾದರಿಗಳು ಎದ್ದುಕಾಣುತ್ತವೆ.

ಮೊದಲನೆಯದು ಅಕ್ಷರಶಃ ನಿಜವಾದ ಸುಳ್ಳು. 13ನೆಯ ಶತಮಾನದ ಜಾಕೋಬಸ್ ದ ವೊರಾಜಿನೆಯ ‘ಸುವರ್ಣ ಕಥಾಮಾಲೆ’ ಎಂದು ಹೇಳಬಹುದಾದ ಸಂತಚರಿತ್ರೆಗಳ ಸಂಕಲನದಲ್ಲಿ ಸಂತ ನಿಕೋಲಾಸನ ಕಥೆಯಿದೆ. ಕ್ರೈಸ್ತನೊಬ್ಬ ಯೆಹೂದಿಯಿಂದ ಸಾಲ ಪಡೆದು, ಹಿಂದಿರುಗಿಸಿರುವೆನೆಂದು ವಾದಿಸುತ್ತಾನೆ. ವಿಚಾರಣೆಯಲ್ಲಿ ಪ್ರಮಾಣ ಮಾಡುವಾಗ ಚಿನ್ನ ತುಂಬಿದ ಟೊಳ್ಳು ಊರುಗೋಲನ್ನು ಸಾಲ ಕೊಟ್ಟವನ ಕೈಗೆ ಕೊಟ್ಟು, ಸಾಲಕ್ಕಿಂತ ಹೆಚ್ಚನ್ನೇ ಕೊಟ್ಟಿದ್ದೇನೆಂದು ಆಣೆಯಿಟ್ಟು, ಕೋಲನ್ನು ಮರಳಿ ಪಡೆಯುತ್ತಾನೆ. ದಾರಿಯಲ್ಲಿ ಗಾಡಿಗೆ ಸಿಕ್ಕಿ ಆತ ಸಾಯುತ್ತಾನೆ. ಕೋಲು ಮುರಿದು ಚಿನ್ನ ಚೆಲ್ಲುತ್ತದೆ. ಇದೇ ಆಶಯ 1615ರಲ್ಲಿ ಪ್ರಕಟವಾದ ‘ಡಾನ್ ಕಿಹೋಟೆ’ಯ ಎರಡನೆಯ ಭಾಗದಲ್ಲಿ ಸ್ಯಾಂಚೊ ಪಾಂಜಾನ ನ್ಯಾಯತೀರ್ಮಾನವಾಗಿ ಮರುಹುಟ್ಟು ಪಡೆದಿದೆ. ಸಂತನ ಕಥೆಯಲ್ಲಿ ಮೋಸಗಾರನು ಸ್ವಧರ್ಮೀಯ, ಮೋಸಹೋದವನು ಅನ್ಯಧರ್ಮೀಯ. ಸಂತನ ನ್ಯಾಯ ಮೋಸಹೋದವನ ಪರ. ಕಥೆಯ ಕೊನೆಗೆ ಯೆಹೂದಿ ಕ್ರೈಸ್ತನಾಗುತ್ತಾನೆಂಬುದು ಆ ಕಾಲದ ಧರ್ಮಪ್ರಚಾರದ ಮುದ್ರೆ. ಆದರೂ ಮುಟ್ಟಿದ ಪೀಠ ಪವಿತ್ರವಾದ ಮಾತ್ರಕ್ಕೆ ಮಾತು ಪವಿತ್ರವಾಗದು ಎಂಬ ಎಚ್ಚರ ಅದರಲ್ಲಿದೆ.

ಎರಡನೆಯದು ಹೆಣ್ಣಿನ ದ್ವಂದ್ವಾರ್ಥದ ಆಣೆ. ಲ್ಯಾಟೆರನ್ ಸಭೆಗೆ ಕೆಲವೇ ವರ್ಷಗಳ ಮುನ್ನ, 1210ರ ಸುಮಾರಿಗೆ, ಗಾಟ್‌ಫ್ರೀಡ್ ಎಂಬ ಜರ್ಮನ್ ಕವಿ ರಚಿಸಿದ ಟ್ರಿಸ್ಟಾನ್ ಕಾವ್ಯದಲ್ಲಿ ಇಸೋಲ್ಡೆ ಕಾಯ್ದ ಕಬ್ಬಿಣದ ಪರೀಕ್ಷೆಗೆ ಒಳಗಾಗುತ್ತಾಳೆ. ಯಾತ್ರಿಕನ ವೇಷದ ಪ್ರಿಯಕರ ತನ್ನನ್ನು ಹೊತ್ತು ಬಿದ್ದ ಪ್ರಸಂಗವನ್ನು ಮೊದಲೇ ಏರ್ಪಡಿಸಿಕೊಂಡು, ಗಂಡ ಮತ್ತು ಆ ಯಾತ್ರಿಕನ ಹೊರತು ಬೇರಾರ ತೋಳಿನಲ್ಲಿಯೂ ಇರಲಿಲ್ಲವೆಂದು ಪ್ರಮಾಣ ಮಾಡುತ್ತಾಳೆ. ಕೈ ಸುಡುವುದಿಲ್ಲ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಕನ್ನಡ ಜನಪದ ಕಥೆಗಳನ್ನು ಆಧರಿಸಿ ಗಿರೀಶ ಕಾರ್ನಾಡರು ರಚಿಸಿದ ‘ನಾಗಮಂಡಲ’ ನಾಟಕದಲ್ಲಿ ರಾಣಿ ಹುತ್ತದ ನಾಗರವನ್ನು ಕೈಯಲ್ಲಿ ಹಿಡಿದು, ಗಂಡ ಮತ್ತು ಈ ಹಾವಿನ ಹೊರತು ಬೇರಾವ ಗಂಡನ್ನೂ ಮುಟ್ಟಿಲ್ಲವೆಂದು ಹೇಳುತ್ತಾಳೆ. ಊರು ಅವಳನ್ನು ದೇವತೆಯೆಂದು ಕೊಂಡಾಡುತ್ತದೆ. ಇಸೋಲ್ಡೆ ತಿಳಿದೇ ಮಾತನ್ನು ಹೆಣೆದವಳು. ರಾಣಿ ತನಗೇ ತಿಳಿಯದ ಸತ್ಯವನ್ನು ನುಡಿದವಳು. ಈ ವ್ಯತ್ಯಾಸದ ನಡುವೆಯೂ ಎರಡು ಕಥನಗಳಲ್ಲಿ ಸಮಾನವಾದದ್ದು, ಪರೀಕ್ಷೆಗೆ ಎಳೆಯಲ್ಪಡುವವಳು ಹೆಣ್ಣೇ ಎಂಬುದು. ರಾಣಿಯ ಪರೀಕ್ಷೆಯನ್ನು ನೋಡಲು ನೆರೆದ ಊರಿಗೆ ಅವಳನ್ನು ಮನೆಯೊಳಗೆ ಕೂಡಿಹಾಕಿದ ಗಂಡನ ವರ್ತನೆ ವಿಚಾರಣೆಯ ವಿಷಯವಾಗಿರಲಿಲ್ಲ.

ಮೂರನೆಯದು ಆಣೆಯನ್ನು ಬದಿಗಿಟ್ಟು ಪ್ರಶ್ನೆಯನ್ನು ಮುಂದೊಡ್ಡುವ ಮಾದರಿ. ಕಥೋಲಿಕ ಬೈಬಲಿನಲ್ಲಿ ದಾನಿಯೇಲನ ಗ್ರಂಥದ 13ನೆಯ ಅಧ್ಯಾಯವಾಗಿರುವ, ಪ್ರಾಟೆಸ್ಟಂಟರು ಮುಖ್ಯ ಗ್ರಂಥಭಾಗದಿಂದ ಹೊರಗಿಟ್ಟಿರುವ ಸುಸನ್ನಳ ಕಥೆ ಇದಕ್ಕೆ ಉದಾಹರಣೆ. ತಮ್ಮ ಬಯಕೆಗೆ ಒಪ್ಪದ ಸುಸನ್ನಳ ಮೇಲೆ ಇಬ್ಬರು ಹಿರಿಯರು ವ್ಯಭಿಚಾರದ ಆರೋಪ ಹೊರಿಸುತ್ತಾರೆ. ಇಬ್ಬರು ಸಾಕ್ಷಿಗಳೆಂಬ ನಿಯಮ ಪೂರ್ಣಗೊಂಡಿದೆ. ಅವಳಿಗೆ ಮರಣದಂಡನೆ ಖಚಿತವಾಗಿದೆ. ಆಗ ಯುವಕ ದಾನಿಯೇಲನು ಇಬ್ಬರನ್ನೂ ಪ್ರತ್ಯೇಕವಾಗಿ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರೆಂದು ಕೇಳುತ್ತಾನೆ. ಉತ್ತರಗಳಲ್ಲಿ ಎರಡು ಬೇರೆ ಬೇರೆ ಮರಗಳು ಬರುತ್ತವೆ. ಸ್ಟಿತ್ ಥಾಂಪ್ಸನ್ನನ ಆಶಯ ಸೂಚಿಯಲ್ಲಿ ಸಾಕ್ಷಿಗಳ ಪ್ರತ್ಯೇಕ ವಿಚಾರಣೆ ಎಂಬ ವರ್ಗದಡಿ ಈ ಕಥೆಗೆ ಸ್ಥಾನವಿದೆ. ಇಂದು ಕನ್ನಡ ನಾಡಿನ ನ್ಯಾಯಾಲಯಗಳಲ್ಲಿ ಪಾಟೀಸವಾಲು ಎಂದು ಕರೆಯುವ ಕ್ರಮದ ತಿರುಳು ಇದೇ. ಇಲ್ಲಿ ದೈವಭಕ್ತಿ ಕೆಲಸ ಮಾಡುವುದು ಸಾಕ್ಷಿಯ ನಾಲಿಗೆಯ ಮೇಲಲ್ಲ, ಕೇಳುವವನ ಎಚ್ಚರದಲ್ಲಿ.

ಆಣೆಯನ್ನು ನಿರಾಕರಿಸಿದ ಭಕ್ತರು

ಕ್ರೈಸ್ತ ಸಭೆಗಳು ಆಣೆಯ ವಿಷಯದಲ್ಲಿ ಒಮ್ಮತಕ್ಕೆ ಬರಲಿಲ್ಲ. ಸಂತ ಅಗಸ್ಟಿನನು ಆಣೆ ತಾನಾಗಿ ಪಾಪವಲ್ಲ, ಸುಳ್ಳಾಣೆಯ ಅಪಾಯವಿರುವುದರಿಂದ ಅದನ್ನು ಆದಷ್ಟು ದೂರವಿಡಬೇಕೆಂದನು. ಥಾಮಸ್ ಅಕ್ವಿನಾಸನು ಯೆರೆಮೀಯನ ಮೂರು ಷರತ್ತುಗಳನ್ನು ಮುಂದಿಟ್ಟು ಅದನ್ನು ಸಮರ್ಥಿಸಿದನು. 1527ರ ಶ್ಲೈಟ್‌ಹೈಮ್ ನಿವೇದನೆಯಲ್ಲಿ ಅನಬ್ಯಾಪ್ಟಿಸ್ಟರು ಎಲ್ಲ ಆಣೆಗಳನ್ನೂ ತಿರಸ್ಕರಿಸಿದರೆ, 1530ರ ಆಗ್ಸ್‌ಬರ್ಗ್ ನಿವೇದನೆಯಲ್ಲಿ ಲೂಥರನ ಅನುಯಾಯಿಗಳು ರಾಜ್ಯ ಕೇಳಿದ ಆಣೆಯನ್ನು ಕ್ರೈಸ್ತನು ಇಡಬಹುದೆಂದರು. ಆಂಗ್ಲಿಕನ್ ಸಭೆಯ 39 ವಿಧಿಗಳ ಪೈಕಿ ಕೊನೆಯದು ಇದೇ ಅನುಮತಿಯನ್ನು ನೀಡುತ್ತದೆ. ಈ ಭಿನ್ನತೆ ಕೇವಲ ಶಾಸ್ತ್ರಚರ್ಚೆಯಾಗಿ ಉಳಿಯಲಿಲ್ಲ.

17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರರು ಪರ್ವತ ಪ್ರಸಂಗದ ಮಾತನ್ನು ಅಕ್ಷರಶಃ ಪಾಲಿಸಿದರು. 1662ರ ಶಾಸನ ಆಣೆ ನಿರಾಕರಣೆಯನ್ನು ದಂಡನಾರ್ಹಗೊಳಿಸಿತು. ಪಂಥದ ಸ್ಥಾಪಕ ಜಾರ್ಜ್ ಫಾಕ್ಸ್ 1664ರಲ್ಲಿ ಲ್ಯಾಂಕಾಸ್ಟರಿನ ನ್ಯಾಯಾಲಯದಲ್ಲಿ ರಾಜನಿಷ್ಠೆಯ ಆಣೆ ಇಡಲೊಪ್ಪದೆ ಸೆರೆವಾಸ ಅನುಭವಿಸಿದನು. ಅದೇ ವರ್ಷ ಮಾರ್ಗರೆಟ್ ಫೆಲ್ ಇದೇ ಕಾರಣಕ್ಕೆ ಆಸ್ತಿಯ ಮುಟ್ಟುಗೋಲು ಮತ್ತು ಆಜೀವ ಸೆರೆಯ ಶಿಕ್ಷೆಗೆ ಗುರಿಯಾಗಿ, 1668ರಲ್ಲಿ ಬಿಡುಗಡೆ ಹೊಂದಿದಳು. ಸೆರೆಗಿಂತಲೂ ವ್ಯಾಪಕವಾಗಿದ್ದದ್ದು ದಿನನಿತ್ಯದ ಅನ್ಯಾಯ. ಆಣೆ ಇಡದವನ ಸಾಕ್ಷ್ಯ ಸಲ್ಲದಾದ ಕಾರಣ ಆತ ಸಾಲ ವಸೂಲಿಗೆ ದಾವೆ ಹೂಡಲಾರ, ಉಯಿಲನ್ನು ಸಾಬೀತುಪಡಿಸಲಾರ, ಕಣ್ಣೆದುರು ನಡೆದ ಕಳವಿಗೆ ಸಾಕ್ಷಿಯಾಗಲಾರ. ಸುಳ್ಳಾಡಲು ಅಂಜದವನಿಗೆ ನ್ಯಾಯಾಲಯದ ಬಾಗಿಲು ತೆರೆದಿತ್ತು. ಆಣೆಯಿಡಲು ಅಂಜುವಷ್ಟು ಸತ್ಯನಿಷ್ಠನಾದವನಿಗೆ ಅದು ಮುಚ್ಚಿತ್ತು.

1696ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಸಿವಿಲ್ ವ್ಯವಹಾರಗಳಲ್ಲಿ ಕ್ವೇಕರರ ಸತ್ಯನಿಷ್ಠೆಯ ದೃಢೋಕ್ತಿಯನ್ನು ಆಣೆಗೆ ಸಮಾನವೆಂದು ಒಪ್ಪಿತು. ಕ್ರಿಮಿನಲ್ ಪ್ರಕರಣಗಳಿಗೆ ಈ ಸೌಲಭ್ಯ ವಿಸ್ತರಿಸಲು 1828ರವರೆಗೆ ಕಾಯಬೇಕಾಯಿತು. ದೇವರ ಹೆಸರಿಲ್ಲದೆಯೂ ಮಾತು ಕಾನೂನಿನ ಬಂಧಕ್ಕೆ ಒಳಪಡಬಲ್ಲದೆಂಬ ತತ್ತ್ವ ಗೆದ್ದದ್ದು ನಾಸ್ತಿಕರ ಹೋರಾಟದಿಂದಲ್ಲ, ತೀವ್ರ ಭಕ್ತರ ಹಠದಿಂದ ಎಂಬುದು ಈ ಇತಿಹಾಸದ ಮುಖ್ಯ ಪಾಠ. ನಾಸ್ತಿಕರಿಗೆ ಆ ಬಾಗಿಲು ತೆರೆದದ್ದು ಬಹಳ ತಡವಾಗಿ. 1869ರ ಶಾಸನ ಇಂಗ್ಲೆಂಡಿನಲ್ಲಿ ದೈವದಲ್ಲಿ ನಂಬಿಕೆಯಿಲ್ಲದವರಿಗೂ ಸಾಕ್ಷಿ ನುಡಿಯಲು ಅವಕಾಶ ನೀಡಿತು. 1880ರಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾದ ನಿರೀಶ್ವರವಾದಿ ಚಾರ್ಲ್ಸ್ ಬ್ರಾಡ್ಲಾ ಪ್ರಮಾಣವಚನದ ವಿವಾದದಿಂದಾಗಿ 1886ರವರೆಗೆ ತನ್ನ ಸ್ಥಾನವನ್ನು ನೆಮ್ಮದಿಯಿಂದ ಅಲಂಕರಿಸಲಾಗಲಿಲ್ಲ. 1888ರ ಆಣೆ ಶಾಸನ ಅವನ ಪ್ರಯತ್ನದ ಫಲ. ಮರುವರ್ಷ ಮುಂಬಯಿಯಲ್ಲಿ ನಡೆದ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧಿವೇಶನದಲ್ಲಿ ಪಾಲ್ಗೊಂಡವನು ಇದೇ ಬ್ರಾಡ್ಲಾ.

ಅನ್ಯಧರ್ಮೀಯರ ಸಾಕ್ಷ್ಯ: ಕಲ್ಕತ್ತೆಯ ಒಂದು ಪ್ರಕರಣ

ಕ್ರೈಸ್ತನಲ್ಲದವನ ಆಣೆಗೆ ಬೆಲೆಯುಂಟೇ ಎಂಬ ಪ್ರಶ್ನೆ ಇಂಗ್ಲೆಂಡಿನ ನ್ಯಾಯಾಲಯವನ್ನು ತೀವ್ರವಾಗಿ ಎದುರಿಸಿದ್ದು ಭಾರತದ ವ್ಯಾಪಾರದ ಮೂಲಕ. 17ನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಎಡ್ವರ್ಡ್ ಕೋಕ್ ಅನ್ಯಧರ್ಮೀಯನು ಸಾಕ್ಷಿಯಾಗಲಾರನೆಂದು ಬರೆದಿದ್ದನು. ಕಲ್ಕತ್ತೆಯ ವರ್ತಕ ಓಮಿಚಂದನು ಬಾರ್ಕರನ ವಿರುದ್ಧ ಹೂಡಿದ ದಾವೆಯಲ್ಲಿ ಹಿಂದೂ ಸಾಕ್ಷಿಗಳ ಹೇಳಿಕೆಗಳನ್ನು ಕಲ್ಕತ್ತೆಯಲ್ಲಿಯೇ ದಾಖಲಿಸಿಕೊಳ್ಳಲಾಗಿತ್ತು. ಆ ಸಾಕ್ಷಿಗಳು ತಮ್ಮ ರೂಢಿಯಂತೆ ಬ್ರಾಹ್ಮಣನ ಪಾದ ಮುಟ್ಟಿ ಪ್ರಮಾಣ ಮಾಡಿದ್ದರು. 1744–45ರಲ್ಲಿ ಚಾನ್ಸಲರ್ ಹಾರ್ಡ್‌ವಿಕ್ ಮತ್ತು ಅವನ ಜೊತೆಗಿದ್ದ ನ್ಯಾಯಾಧೀಶರು ಈ ಸಾಕ್ಷ್ಯವನ್ನು ಸ್ವೀಕರಿಸಿದರು. ಆಣೆಯ ಬಲವಿರುವುದು ಬೈಬಲಿನಲ್ಲಲ್ಲ, ಸುಳ್ಳಿಗೆ ದಂಡನೆ ಕೊಡುವ ದೈವವೊಂದಿದೆ ಎಂಬ ಸಾಕ್ಷಿಯ ಸ್ವಂತ ನಂಬಿಕೆಯಲ್ಲಿ ಎಂಬುದು ಆ ತೀರ್ಪಿನ ಆಧಾರ.

ಈ ತೀರ್ಪು ಉದಾರವಾದುದು ನಿಜ. ಆದರೆ ಅದರ ಉದಾರತೆಯ ಹಿಂದೆ ಸಾಗರದಾಚೆಯ ವ್ಯಾಪಾರದ ಅಗತ್ಯವಿತ್ತೆಂಬುದನ್ನು ಮರೆಯುವಂತಿಲ್ಲ. ಭಾರತೀಯರ ಮಾತನ್ನು ನಂಬದೆ ಭಾರತದೊಡನೆ ವ್ಯಾಪಾರ ಸಾಧ್ಯವಿರಲಿಲ್ಲ. ಮೇಲಾಗಿ ತೀರ್ಪು ಬಾಗಿಲನ್ನು ಅಗಲಗೊಳಿಸಿತೇ ಹೊರತು ಬಾಗಿಲನ್ನೇ ತೆಗೆಯಲಿಲ್ಲ. ದೈವಭಯವಿಲ್ಲದವನು ಹೊರಗೇ ಉಳಿದನು.

ವಸಾಹತು ಭಾರತದ ಕಾನೂನು

ಈಸ್ಟ್ ಇಂಡಿಯಾ ಕಂಪನಿಯ ನ್ಯಾಯಾಲಯಗಳು ಹಿಂದೂಗಳಿಂದ ಗಂಗಾಜಲದ ಮೇಲೆ, ಮುಸ್ಲಿಮರಿಂದ ಕುರಾನಿನ ಮೇಲೆ ಪ್ರಮಾಣ ಮಾಡಿಸುತ್ತಿದ್ದವು. ಸ್ಥಳೀಯ ನಂಬಿಕೆಗೆ ಗೌರವವೆಂದು ಆಡಳಿತ ಭಾವಿಸಿದ್ದ ಈ ಕ್ರಮ ಜನರಿಗೆ ಹಿಂಸೆಯಾಗಿತ್ತು. ದೇವರ ಹೆಸರನ್ನು ಕಚೇರಿಯಲ್ಲಿ ಎಳೆದಾಡುವುದು ಮರ್ಯಾದೆಗೇಡು ಎಂದು ಭಾವಿಸುವ ಸಭ್ಯರು ಸಾಕ್ಷಿಗೆ ಬರಲು ಹಿಂಜರಿಯುತ್ತಿದ್ದರು. 1840ರ 5ನೆಯ ಶಾಸನ ಇದನ್ನು ಒಪ್ಪಿಕೊಂಡಿತು. ಮನಸ್ಸಾಕ್ಷಿಗೆ ವಿರುದ್ಧವಾದ ಪ್ರಮಾಣಗಳಿಂದ ನ್ಯಾಯಕ್ಕೆ ಅಡ್ಡಿಯಾಗಿದೆಯೆಂದು ಪೀಠಿಕೆಯಲ್ಲಿಯೇ ಹೇಳಿ, ಹಿಂದೂ ಮತ್ತು ಮುಸ್ಲಿಮರಿಗೆ ಆಣೆಯ ಬದಲು ದೃಢೋಕ್ತಿಯನ್ನು ವಿಧಿಸಿತು. ಕ್ವೇಕರರು ಸೆರೆಮನೆಯಲ್ಲಿ ಗಳಿಸಿದ ಪರಿಹಾರ ಹೀಗೆ ಗಂಗಾತೀರದ ಸಾಕ್ಷಿಗಳಿಗೂ ದೊರೆಯಿತು.

1873ರ ಭಾರತೀಯ ಆಣೆ ಶಾಸನ ಈ ವ್ಯವಸ್ಥೆಯನ್ನು ಮುಂದುವರಿಸಿತು. ಹಿಂದೂ, ಮುಸ್ಲಿಮರು ಹಾಗೂ ಆಣೆಗೆ ಆಕ್ಷೇಪವಿರುವವರು ದೃಢೋಕ್ತಿ ಮಾಡಬೇಕು. ಉಳಿದವರು ಆಣೆ ಇಡಬೇಕು. ಆಣೆ ಬೇಡವೆಂಬ ಬೋಧನೆಯನ್ನು ತಮ್ಮ ಗ್ರಂಥದಲ್ಲಿ ಹೊಂದಿರುವ ಕ್ರೈಸ್ತರೇ, ಆಕ್ಷೇಪವೆತ್ತದಿದ್ದರೆ, ಆಣೆ ಇಡಬೇಕಾದವರಾದರು. ಅದೇ ಶಾಸನದ 8ರಿಂದ 12ರವರೆಗಿನ ಕಲಮುಗಳು ಜಾನಪದ ಅಧ್ಯಯನಕ್ಕೆ ಹೆಚ್ಚು ಮಹತ್ವದವು. ದಾವೆಯ ಒಬ್ಬ ಕಕ್ಷಿದಾರ, ಎದುರಾಳಿ ತನ್ನ ಜನಾಂಗದಲ್ಲಿ ರೂಢಿಯಲ್ಲಿರುವ ನಿರ್ದಿಷ್ಟ ರೀತಿಯಲ್ಲಿ ಆಣೆ ಇಟ್ಟು ಹೇಳಿದರೆ ಅದಕ್ಕೆ ತಾನು ಬದ್ಧನೆಂದು ಸೂಚಿಸಬಹುದಿತ್ತು. ಎದುರಾಳಿ ಒಪ್ಪಿ ಆಣೆ ಇಟ್ಟರೆ ಆ ಮಾತೇ ನಿರ್ಣಾಯಕ ಪುರಾವೆ. ನ್ಯಾಯಾಲಯದ ಹೊರಗಿನ ಸ್ಥಳದಲ್ಲಿ ಆಣೆ ಆಗಬೇಕಿದ್ದರೆ ಅದಕ್ಕಾಗಿ ಕಮಿಷನ್ ನೇಮಿಸಲೂ ಅವಕಾಶವಿತ್ತು. ಷರತ್ತುಗಳು ಎರಡು: ಆಣೆ ನ್ಯಾಯಕ್ಕೂ ಸಭ್ಯತೆಗೂ ವಿರುದ್ಧವಾಗಿರಬಾರದು; ಮೂರನೆಯವರಿಗೆ ತಟ್ಟುವಂತಿರಬಾರದು. ಮಗುವಿನ ತಲೆ ಮುಟ್ಟಿ ಆಣೆ ಇಡುವ ರೂಢಿಯನ್ನು ಈ ಎರಡನೆಯ ಷರತ್ತು ತಡೆಯಿತು. ಯೆಪ್ತಾಹನ ಮಗಳಿಗೆ ದೊರೆಯದ ರಕ್ಷಣೆ ಇದು.

ಕರ್ನಾಟಕದ ಆಣೆಯ ಲೋಕ

ಕನ್ನಡ ನಾಡಿನಲ್ಲಿ ಆಣೆಪ್ರಮಾಣಗಳ ಪರಂಪರೆ ಆಳವಾದುದು. ಶಾಸನಗಳ ಕೊನೆಯ ಶಾಪಾಶಯಗಳು ದತ್ತಿಯನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವನ್ನು ಹೊರಿಸುತ್ತವೆ. ದೇವರಾಣೆ, ತಾಯಾಣೆ, ಮಕ್ಕಳಾಣೆ, ಕರ್ಪೂರ ಹಚ್ಚಿ ಆರಿಸುವುದು, ದೀಪ ಮುಟ್ಟುವುದು ಮೊದಲಾದ ಬಗೆಗಳು ಇಂದಿಗೂ ಬಳಕೆಯಲ್ಲಿವೆ. ಮಾತು ಬಿಡ ಮಂಜುನಾಥ ಎಂಬ ಗಾದೆಗೆ ಕಾರಣವಾದ ಧರ್ಮಸ್ಥಳದಲ್ಲಿ ಶಿವನ ಸನ್ನಿಧಿಗೆ ವೈಷ್ಣವ ಅರ್ಚಕರು, ಜೈನ ಹೆಗ್ಗಡೆ ಮನೆತನದ ಆಡಳಿತ. ತುಳುನಾಡಿನಲ್ಲಿ ದೈವಗಳನ್ನು ‘ಸತ್ಯೊಲು’ ಎಂದೇ ಕರೆಯುವ ರೂಢಿಯಿದೆ. ಅಲ್ಲಿ ಸತ್ಯವೆಂದರೆ ಹೇಳಿಕೆಯ ಗುಣವಷ್ಟೇ ಅಲ್ಲ. ತಪ್ಪಿದರೆ ಕೇಳಿ ಪಡೆಯುವ ಶಕ್ತಿ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಈ ಲೋಕವನ್ನು ಎರಡು ರೀತಿಗಳಲ್ಲಿ ಎದುರುಗೊಂಡಿತು. ಒಂದೆಡೆ ಮತಾಂತರ ಹೊಂದಿದವರು ದೈವಾರಾಧನೆಯನ್ನು ತೊರೆಯಬೇಕೆಂಬ ಕಟ್ಟುನಿಟ್ಟು. ಮತ್ತೊಂದೆಡೆ ಅದೇ ಲೋಕವನ್ನು ದಾಖಲಿಸುವ ಆಸಕ್ತಿ, ಮಿಷನ್ನಿನ ಎ. ಮ್ಯಾನರ್ 1886ರಲ್ಲಿ ‘ಪಾಡ್ದನೊಳು’ ಸಂಕಲನವನ್ನು ಪ್ರಕಟಿಸಿದರು. ದಕ್ಷಿಣ ಕನ್ನಡದಲ್ಲಿ ನ್ಯಾಯಾಧೀಶರಾಗಿದ್ದ ಎ.ಸಿ. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು ಅವರ ಮರಣಾನಂತರ 1894ರಿಂದ ‘ಇಂಡಿಯನ್ ಆ್ಯಂಟಿಕ್ವೆರಿ’ಯಲ್ಲಿ ಬೆಳಕು ಕಂಡವು. ಹಗಲು ಸಾಕ್ಷ್ಯ ಶಾಸನದಂತೆ ತೀರ್ಪು ಬರ‍ೆಯುವ ಅಧಿಕಾರಿಯೇ ದೈವದ ನ್ಯಾಯವನ್ನು ಹಾಡುವ ಕಾವ್ಯವನ್ನು ಸಂಗ್ರಹಿಸಿದ್ದು ಅರ್ಥಪೂರ್ಣವಾದ ಸಂಗತಿ.

ಮತಾಂತರಗೊಂಡವನ ಸ್ಥಿತಿ ಇಕ್ಕಟ್ಟಿನದು. ಊರಿನ ವ್ಯಾಜ್ಯ ದೈವದ ಎದುರಿನ ಮಾತಿನಿಂದ ಮುಗಿಯುವಲ್ಲಿ, ದೈವವನ್ನು ತೊರೆದವನ ಮಾತಿಗೆ ಹೊಣೆ ಯಾರು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇಂಗ್ಲೆಂಡಿನ ನ್ಯಾಯಾಲಯದಲ್ಲಿ ಕ್ವೇಕರನೂ ಹಿಂದೂ ವರ್ತಕನೂ ನಿಂತಿದ್ದ ಜಾಗ ಇದೇ. ಬಹುಜನರ ದೈವಕ್ಕೆ ತಲೆಬಾಗದವನ ಮಾತು ಎಲ್ಲೆಡೆಯೂ ಹಗುರವಾಗುತ್ತದೆ. ಮತಾಂತರದಿಂದ ಪಿತ್ರಾರ್ಜಿತದ ಹಕ್ಕು ತಪ್ಪಬಾರದೆಂದು 1850ರ 21ನೆಯ ಶಾಸನ ವಿಧಿಸಿತಾದರೂ, ಊರಿನ ನಂಬಿಕೆಯನ್ನು ಮರಳಿ ಕೊಡುವುದು ಯಾವ ಶಾಸನಕ್ಕೂ ಸಾಧ್ಯವಿಲ್ಲದ ಕೆಲಸ.

ಸ್ವತಂತ್ರ ಭಾರತದಲ್ಲಿ

1950ರಲ್ಲಿ ಜಾರಿಗೆ ಬಂದ ಸಂವಿಧಾನ ತನ್ನ ಮೂರನೆಯ ಅನುಸೂಚಿಯಲ್ಲಿ ದೇವರ ಹೆಸರಿನ ಪ್ರಮಾಣವನ್ನೂ ಸತ್ಯನಿಷ್ಠೆಯ ದೃಢೋಕ್ತಿಯನ್ನೂ ಸಮಾನ ಆಯ್ಕೆಗಳಾಗಿ ಇರಿಸಿತು. ಕಾನೂನು ಆಯೋಗದ 28ನೆಯ ವರದಿಯ ನಂತರ ಬಂದ 1969ರ ಆಣೆ ಶಾಸನ ಇದೇ ತತ್ತ್ವವನ್ನು ನ್ಯಾಯಾಲಯಗಳಿಗೆ ಅನ್ವಯಿಸಿತು. ಧರ್ಮದ ಆಧಾರದ ವಿಂಗಡಣೆ ಹೋಯಿತು. ಕಕ್ಷಿದಾರನ ಸವಾಲಿಗೆ ಇಟ್ಟ ವಿಶೇಷ ಆಣೆಯೇ ನಿರ್ಣಾಯಕವಾಗುವ ಅವಕಾಶವೂ ಹೋಯಿತು. ತನ್ನ ವರ್ಗದ ರೂಢಿಯಂತೆ ಪ್ರಮಾಣ ಮಾಡಲು ಸಾಕ್ಷಿ ಬಯಸಿದರೆ, ಮೊದಲಿನ ಷರತ್ತುಗಳಿಗೆ ಒಳಪಟ್ಟು, ನ್ಯಾಯಾಲಯ ಅನುಮತಿಸಬಹುದು. ಆದರೆ ಅದರಿಂದ ಆ ಮಾತಿಗೆ ಹೆಚ್ಚಿನ ತೂಕವಿಲ್ಲ. ಚಲನಚಿತ್ರಗಳಲ್ಲಿ ಕಾಣುವ, ಧರ್ಮಗ್ರಂಥದ ಮೇಲೆ ಕೈಯಿಡಿಸುವ ದೃಶ್ಯ ಈ ಶಾಸನದ ಅಗತ್ಯವಲ್ಲ.

ಈ ಬದಲಾವಣೆಯ ನಿಜವಾದ ಫಲ ಕಾಣುವುದು ದುರ್ಬಲರ ಸಾಕ್ಷ್ಯದಲ್ಲಿ. 1952ರಲ್ಲಿ ವರದಿಯಾದ ರಾಮೇಶ್ವರ ವಿರುದ್ಧ ರಾಜಸ್ಥಾನ ಪ್ರಕರಣದಲ್ಲಿ ಅತ್ಯಾಚಾರಕ್ಕೆ ಗುರಿಯಾದ ಎಂಟು ವರ್ಷದ ಬಾಲಕಿಗೆ ಆಣೆಯ ಪಾವಿತ್ರ್ಯ ತಿಳಿಯದೆಂದು ಕೆಳಗಿನ ನ್ಯಾಯಾಲಯ ಆಣೆಯಿಲ್ಲದೆ ಹೇಳಿಕೆ ಪಡೆದಿತ್ತು. ಆಣೆಯಿಲ್ಲವೆಂಬ ಕಾರಣಕ್ಕೆ ಸಾಕ್ಷ್ಯ ಬಿದ್ದುಹೋಗದು. ಮಗುವಿಗೆ ಪ್ರಶ್ನೆ ತಿಳಿಯುತ್ತದೆಯೇ, ಸತ್ಯ ಹೇಳಬೇಕೆಂಬ ಅರಿವಿದೆಯೇ ಎಂಬುದಷ್ಟೇ ಮುಖ್ಯ ಎಂದು ಸರ್ವೋಚ್ಚ ನ್ಯಾಯಾಲಯ ಒಪ್ಪಿತು. 1969ರ ಶಾಸನ 12 ವರ್ಷದೊಳಗಿನ, ಆಣೆಯ ಸ್ವರೂಪ ಅರಿಯದ ಮಕ್ಕಳಿಗೆ ಅದರಿಂದ ವಿನಾಯಿತಿ ನೀಡಿದೆ. ದೈವಭಯವೇ ಸಾಕ್ಷ್ಯದ ಅಡಿಗಲ್ಲಾಗಿದ್ದರೆ ಆ ಮಗುವಿನ ಮಾತಿಗೆ ನ್ಯಾಯಾಲಯದಲ್ಲಿ ಸ್ಥಳವೇ ಇರುತ್ತಿರಲಿಲ್ಲ.

ಸುಳ್ಳುಸಾಕ್ಷ್ಯದ ದಂಡನೆ ಈಗ ಲೌಕಿಕವಾದುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ನ್ಯಾಯಿಕ ವಿಚಾರಣೆಯಲ್ಲಿನ ಸುಳ್ಳುಸಾಕ್ಷ್ಯಕ್ಕೆ ಏಳು ವರ್ಷಗಳವರೆಗೆ ಕಾರಾಗೃಹವಾಸವುಂಟು. ದೈವದ ಅವಕೃಪೆಗೆ ಗುರಿಮಾಡುವೆನೆಂದು ನಂಬಿಸಿ ಬಲವಂತದಿಂದ ಕೆಲಸ ಮಾಡಿಸಿಕೊಳ್ಳುವುದನ್ನು ಹಳೆಯ ದಂಡ ಸಂಹಿತೆಯಂತೆ ಇದೂ ಅಪರಾಧವೆಂದು ಎಣಿಸುತ್ತದೆ.

ಇಷ್ಟಾದರೂ ಆಣೆಯ ಸ್ಥಳಗಳಿಗೆ ಹೋಗುವ ಜನ ಕಡಿಮೆಯಾಗಿಲ್ಲ. ಇದನ್ನು ಕೇವಲ ಮೂಢನಂಬಿಕೆಯೆಂದು ತಳ್ಳಿಹಾಕುವುದು ಅವಸರದ ತೀರ್ಮಾನವಾಗುತ್ತದೆ. ದಾವೆಯ ವೆಚ್ಚ, ವರ್ಷಗಟ್ಟಲೆಯ ವಿಳಂಬ, ಕಾನೂನಿನ ಭಾಷೆಯ ದೂರ, ಇವು ಬಡವನನ್ನು ಅಲ್ಲಿಗೆ ಕರೆದೊಯ್ಯುತ್ತವೆ. ಆದರೆ ಅಲ್ಲಿಯೂ ಹೆಚ್ಚು ಭಯಪಡುವವನೇ ಸೋಲುವ ಸಂಭವವುಂಟು. ಸತ್ಯವಂತನಾಗಿದ್ದೂ ಮಕ್ಕಳಿಗೆ ಕೇಡಾದೀತೆಂದು ಆಣೆಗೆ ಹಿಂಜರಿಯುವ ತಾಯಿ, ಏನೂ ಅಂಜದೆ ಕರ್ಪೂರ ಆರಿಸುವ ಸುಳ್ಳುಗಾರನೆದುರು ತನ್ನ ಹೊಲವನ್ನು ಕಳೆದುಕೊಳ್ಳಬಹುದು. ಕ್ವೇಕರರ ಅನುಭವ ಮತ್ತು ಈ ತಾಯಿಯ ಸ್ಥಿತಿ ತತ್ತ್ವತಃ ಒಂದೇ.

ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕ್ರೈಸ್ತ ಶ್ರದ್ಧೆ ಮತ್ತು ಕಾನೂನಿನ ಸಂಬಂಧ ಒಂದೇ ದಿಕ್ಕಿನದಲ್ಲ. ದಿವ್ಯಕ್ಕೆ ಆಶೀರ್ವಾದ ನೀಡಿದ್ದೂ ಶ್ರದ್ಧೆಯೇ, 1215ರಲ್ಲಿ ಅದನ್ನು ಹಿಂತೆಗೆದುಕೊಂಡದ್ದೂ ಶ್ರದ್ಧೆಯೇ. ಆಣೆಯನ್ನು ರಾಜ್ಯದ ಆಯುಧವಾಗಿಸಿದವರೂ ಕ್ರೈಸ್ತರೇ, ಅದನ್ನು ನಿರಾಕರಿಸಿ ಸೆರೆಗೆ ಹೋದವರೂ ಕ್ರೈಸ್ತರೇ. ಶ್ರದ್ಧೆ ಅಧಿಕಾರದೊಡನೆ ಸೇರಿದಾಗ ಜನರನ್ನು ಸಾಕ್ಷಿಕಟ್ಟೆಯಿಂದ ಹೊರಗಿಟ್ಟಿತು. ಮನಸ್ಸಾಕ್ಷಿಯಾಗಿ ಉಳಿದಾಗ ಹೊರಗಿದ್ದವರಿಗೂ ದಾರಿಮಾಡಿತು. ಕಲ್ಕತ್ತೆಯ ಸಾಕ್ಷಿಗಳು, ನಿರೀಶ್ವರವಾದಿಗಳು, ಎಂಟು ವರ್ಷದ ಬಾಲಕಿ, ಇವರೆಲ್ಲರೂ ಒಳಬಂದದ್ದು ಹಂತಹಂತವಾಗಿ ಅಗಲಗೊಂಡ ಈ ದಾರಿಯಲ್ಲಿ.

ಆಣೆ ನ್ಯಾಯದ ಭಾರವನ್ನು ಸಾಕ್ಷಿಯ ಭಯದ ಮೇಲೆ ಹೊರಿಸುತ್ತದೆ. ಆಣೆಯನ್ನು ಕೆಳಗಿಳಿಸಿದಾಗ ಆ ಭಾರ ಇಲ್ಲವಾಗುವುದಿಲ್ಲ. ಅದು ಕೇಳುವವನ ಹೆಗಲಿಗೆ ಬರುತ್ತದೆ. ಸಾಕ್ಷಿಗಳನ್ನು ಬೇರೆ ಬೇರೆಯಾಗಿ ನಿಲ್ಲಿಸಿ ಯಾವ ಮರವೆಂದು ಕೇಳುವ ತಾಳ್ಮೆ ನ್ಯಾಯಸ್ಥಾನದಲ್ಲಿ ಇಲ್ಲವಾದರೆ ಜನ ಮತ್ತೆ ಕರ್ಪೂರವನ್ನು ಹುಡುಕಿಕೊಂಡು ಹೋಗುವುದು ಅನಿವಾರ್ಯ. ಆದುದರಿಂದ ಆಣೆಯ ಆಚರಣೆಗಳನ್ನು ದಾಖಲಿಸುವಾಗ ಆಣೆಯ ಸ್ಥಳ, ವಿಧಿ ಮತ್ತು ಹೇಳಿಕೆಗಳ ಜೊತೆಗೆ, ಆಣೆಗೆ ಕರೆದವರು ಯಾರು, ಹಿಂಜರಿದವರು ಯಾರು, ಅದರಿಂದ ಕಳೆದುಕೊಂಡವರು ಯಾರು ಎಂಬುದನ್ನೂ ಸಂಗ್ರಹಿಸುವುದು ಜಾನಪದ ಅಧ್ಯಯನದ ಹೊಣೆಯಾಗಬೇಕು.